ಬುರ್ಜ್ ಖಲೀಫಾ: 124ನೇ ಮಹಡಿ ಸಾಕೇ, 148ಕ್ಕೇ ಹೋಗಬೇಕೇ? (ಜೊತೆಗೆ ಅತ್ತೆಯ ಮಂಡಿ, ಯಜಮಾನರ ಭಯ)

ಹಿಪ್ಪುನೇರಳೆ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಸಾಕುವ ಮನೆ. ಮಗ ದುಬೈಗೆ ಹೋಗಿ ನಾಲ್ಕು ವರ್ಷವಾಯಿತು. ದೊಡ್ಡ ಕಟ್ಟಡಗಳ ಎಸಿ ನೋಡಿಕೊಳ್ಳುವ ಕೆಲಸ. ಈ ಡಿಸೆಂಬರ್ ಮೊದಲ ವಾರಕ್ಕೆ ನನಗೂ ಯಜಮಾನರಿಗೂ ಅತ್ತೆಗೂ ವೀಸಾ ಮಾಡಿಸಿ ಟಿಕೆಟ್ ಕಳಿಸಿದ್ದಾನೆ. ಎಂಟು ದಿನ. ಆ ಎಂಟು ದಿನಕ್ಕಾಗಿ ಒಂದು ಬೆಳೆಯನ್ನೇ ಬಿಟ್ಟಿದ್ದೇವೆ. ನಾಲ್ಕನೇ ಜ್ವರದಿಂದ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ವಿಮಾನ ಹತ್ತುವ ಧೈರ್ಯ ನನಗಂತೂ ಇಲ್ಲ.

ಬುರ್ಜ್ ಖಲೀಫಾದ ಮೇಲಕ್ಕೆ ಕರೆದುಕೊಂಡು ಹೋಗಿಯೇ ತೀರುತ್ತೇನೆ ಎಂದು ಮಗ ಹಟ ಹಿಡಿದಿದ್ದಾನೆ. 124 ಮತ್ತು 125ನೇ ಮಹಡಿ ಸೇರಿ ಒಂದು ಟಿಕೆಟ್. 148ರವರೆಗೆ ಹೋಗಬೇಕೆಂದರೆ ಎರಡು ಪಟ್ಟಿಗೂ ಹೆಚ್ಚು ದುಡ್ಡು. ನಮ್ಮೂರಿನ ಟ್ರಾವೆಲ್ಸ್‌ನವರೊಬ್ಬರು 148 ನೋಡದಿದ್ದರೆ ದುಬೈ ನೋಡಿದ ಹಾಗೇ ಅಲ್ಲ ಎಂದರು. ನೀವು ಹೋಗಿದ್ದೀರಾ ಎಂದು ಕೇಳಿದೆ. ಇಲ್ಲವಂತೆ.

ಯಜಮಾನರಿಗೆ ಎತ್ತರ ಎಂದರೆ ಆಗದು. ನಂದಿ ಬೆಟ್ಟದಲ್ಲಿ ಟಿಪ್ಪು ಡ್ರಾಪ್‌ನ ಕಂಬಿಯಿಂದ ಹತ್ತು ಮಾರು ಹಿಂದೆ ನಿಂತು, ಕಡಲೆಕಾಯಿ ಬಿಡಿಸುತ್ತಾ, "ನೀನೇ ನೋಡಿಕೊಂಡು ಬಂದು ಹೇಳು" ಎಂದವರು. ಈಗ ಕೇಳಿದರೆ "ನಂದಿ ಕಂಡವರಿಗೆ ಇನ್ಯಾವ ಎತ್ತರ ತೋರಿಸುತ್ತಾರೆ?" ಎನ್ನುತ್ತಾರೆ. ಭಯಕ್ಕೆ ಊರಿನ ಹೆಮ್ಮೆಯ ಹೊದಿಕೆ, ಅಷ್ಟೇ. ಅತ್ತೆಗೆ 76 ವರ್ಷ, ಎರಡೂ ಮಂಡಿ ಹೋಗಿವೆ, ಆದರೆ ನಮ್ಮೆಲ್ಲರಿಗಿಂತ ಉತ್ಸಾಹ ಅವರಿಗೇ. ಅಷ್ಟು ಎತ್ತರಕ್ಕೆ ನೀರು ಹೇಗೆ ಹತ್ತಿಸುತ್ತಾರೆ ಎಂಬುದೊಂದೇ ಅವರ ಪ್ರಶ್ನೆ. ಯಾರಿಂದಲೂ ಸರಿಯಾದ ಉತ್ತರ ಸಿಕ್ಕಿಲ್ಲ.

ಹೋಗಿಬಂದವರು ಹೇಳಿ. ಯಾವ ಮಹಡಿ? ಬೆಳಿಗ್ಗೆಯೋ ಸಂಜೆಯೋ? ಲಿಫ್ಟ್ ಬಹಳ ಜೋರಂತೆ, ವಯಸ್ಸಾದವರ ಕಿವಿಗೆ ತೊಂದರೆಯಾಗುತ್ತದೆಯೇ?

ಮರಳುಗಾಡಿನ ಮುದ್ದೆ, ದುಬೈ (ಊರು ಚಿಂತಾಮಣಿ)

ಅಕ್ಕ, ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಊರಿನಿಂದ ಬಂದವರನ್ನೆಲ್ಲ ಅಲ್ಲಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೇ ಬೀಳುವುದರಿಂದ ಒಂಬತ್ತು ಸಲ ಹತ್ತಿದ್ದೇನೆ. ಅದರಲ್ಲಿ 148 ಒಂದೇ ಒಂದು ಸಲ, ಅದೂ ದುಡ್ಡು ಬೇರೆಯವರದು. 124ನೇ ಮಹಡಿಯ ನೋಟದಂಗಳ 452 ಮೀಟರ್ ಎತ್ತರದಲ್ಲಿದೆ, 148ರದ್ದು 555 ಮೀಟರ್. ಆ ನೂರು ಮೀಟರ್‌ನಿಂದ ಕಣ್ಣಿಗೆ ಹೆಚ್ಚಾಗಿ ಕಾಣುವುದು ಅಷ್ಟಕ್ಕಷ್ಟೆ. ಜನ ಕಡಿಮೆ, ಕುಳಿತುಕೊಳ್ಳಲು ಸೋಫಾ, ಕೈಗೆ ಕಾಫಿ, ಖರ್ಜೂರ ಕೊಡುತ್ತಾರೆ. ಮೂವರ ಹೆಚ್ಚಿನ ದುಡ್ಡಿನಲ್ಲಿ ನಿಮ್ಮ ಮಗ ನಿಮ್ಮನ್ನು ಎರಡು ದಿನ ಸುತ್ತಾಡಿಸಬಹುದು.

ಸಮಯಕ್ಕೂ ದರಕ್ಕೂ ನಂಟಿದೆ. ಸೂರ್ಯ ಮುಳುಗುವ ಆಸುಪಾಸಿನ ಗಂಟೆಗಳಿಗೆ ದರ ಜಾಸ್ತಿ. ಡಿಸೆಂಬರ್ ಆರಂಭದಲ್ಲಿ ಇಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ದುಬಾರಿ ಹೊತ್ತು ಶುರುವಾಗುವುದಕ್ಕೆ ಮುಂಚಿನ ಕೊನೆಯ ಟಿಕೆಟ್ ಯಾವುದಿದೆ ಎಂದು ಮಗನಿಗೆ ನೋಡಲು ಹೇಳಿ. ಅದರಲ್ಲಿ ಹತ್ತಿ, ಮೇಲೆಯೇ ಕಾಲ ಕಳೆಯಿರಿ. ನಾನು ಹೋದಾಗಲೆಲ್ಲ ಇಳಿಯಿರಿ ಎಂದು ಯಾರೂ ಎಬ್ಬಿಸಿಲ್ಲ. ಹಗಲು, ಸಂಜೆ, ರಾತ್ರಿ ದೀಪ, ಮೂರೂ ಒಂದೇ ಟಿಕೆಟ್‌ನಲ್ಲಿ ಆಗುತ್ತವೆ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿ.

ಒಂದು ಸ್ವಾರಸ್ಯ ಹೇಳುತ್ತೇನೆ. ಮೇಲಿದ್ದವರಿಗೆ ಸೂರ್ಯ ತಡವಾಗಿ ಮುಳುಗುತ್ತಾನೆ. 2011ರ ರಂಜಾನ್‌ನಲ್ಲಿ ಇಲ್ಲಿನ ಧರ್ಮಾಧಿಕಾರಿಗಳು, 80ನೇ ಮಹಡಿಗಿಂತ ಮೇಲಿರುವವರು ಎರಡು ನಿಮಿಷ, 150ಕ್ಕಿಂತ ಮೇಲಿರುವವರು ಮೂರು ನಿಮಿಷ ತಡೆದು ಉಪವಾಸ ಬಿಡಬೇಕು ಎಂದು ಹೇಳಿದ್ದರು. ಕೆಳಗಿನ ಮನೆಯವರು ಖರ್ಜೂರ ಬಾಯಿಗಿಟ್ಟಾಗ ಮೇಲಿನ ಮನೆಯವರು ಇನ್ನೂ ಕಾಯುತ್ತಿರುತ್ತಾರೆ.

ಅತ್ತೆಯವರನ್ನು ಮೆಟ್ರೋದಲ್ಲಿ ಕರೆತರಬೇಡಿ. ಬುರ್ಜ್ ಖಲೀಫಾ ಎಂದೇ ನಿಲ್ದಾಣಕ್ಕೆ ಹೆಸರಿದ್ದರೂ ಅಲ್ಲಿಂದ ದುಬೈ ಮಾಲ್‌ಗೆ ಸುಮಾರು 800 ಮೀಟರ್ ಉದ್ದದ ಗಾಜಿನ ಹಾದಿ. ನಡುನಡುವೆ ಚಲಿಸುವ ಪಟ್ಟಿ ಇದೆ, ಆದರೂ ಮಂಡಿ ನೋವಿನವರಿಗೆ ಅದು ಬೆಟ್ಟವೇ. ಟ್ಯಾಕ್ಸಿಯಲ್ಲಿ ಮಾಲ್‌ಗೆ ಬಂದು ಗಾಲಿಕುರ್ಚಿ ಕೇಳಿ ಪಡೆಯಿರಿ. ಗೋಪುರಕ್ಕೆ ದಾರಿ ಮಾಲ್‌ನ ಒಳಗಿನಿಂದಲೇ, ಗಾಲಿಕುರ್ಚಿ ಮೇಲಿನವರೆಗೂ ಹೋಗುತ್ತದೆ.

ಇದು ಕೇಳದ ಪ್ರಶ್ನೆಗೆ ಉತ್ತರ: ಮಗನಿಗೆಂದು ಕರ್ಜಿಕಾಯಿ ಕಟ್ಟಿಕೊಂಡು ಬರುತ್ತೀರಿ, ನನಗೆ ಗೊತ್ತು. ಗಸಗಸೆ ಹಾಕಬೇಡಿ. ಈ ದೇಶದಲ್ಲಿ ಗಸಗಸೆ ನಿಷಿದ್ಧ. ಒಂದು ಚಮಚವೂ ಬೇಡ.

ಏಕಶಿಲೆ, ಮಧುಗಿರಿ

ಮೇಡಂ, ನಾನು ಸಿವಿಲ್ ಎಂಜಿನಿಯರ್, ನಿವೃತ್ತ. ನಿಮ್ಮ ಯಜಮಾನರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಲೆಕ್ಕ ನೋಡಿ. ನಂದಿ ಬೆಟ್ಟದ ನೆತ್ತಿ ಸಮುದ್ರ ಮಟ್ಟದಿಂದ 1,478 ಮೀಟರ್. ಚಿಕ್ಕಬಳ್ಳಾಪುರ ಪಟ್ಟಣ ಸುಮಾರು 915. ಕಳೆದರೆ 560ರ ಆಸುಪಾಸು. ಅಂದರೆ 148ನೇ ಮಹಡಿಯಲ್ಲಿ ನಿಂತವನು ಕೆಳಗಿನ ರಸ್ತೆಯಿಂದ ಎಷ್ಟು ಎತ್ತರದಲ್ಲಿರುತ್ತಾನೋ, ನಂದಿಯ ಮೇಲೆ ನಿಂತವನು ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತಾನೆ. ನಂದಿಗಾದರೆ ಬಸ್ ಚಾರ್ಜು ಸಾಕು. ವ್ಯತ್ಯಾಸ ಇಷ್ಟೇ, ಬೆಟ್ಟ ನಮ್ಮನ್ನು ನಿಧಾನವಾಗಿ ಸುತ್ತಿಸಿ ಏರಿಸುತ್ತದೆ, ಆದ್ದರಿಂದ ಎತ್ತರ ಮೈಗೆ ತಾಗುವುದಿಲ್ಲ.

ನಾನು ಆ ಗೋಪುರಕ್ಕೆ ಹತ್ತಿಲ್ಲ, ಹತ್ತುವ ಆಸೆಯೂ ಇಲ್ಲ. ನಮ್ಮ ಬೆಟ್ಟದ ಕಂಬಿ ಹಿಡಿದು, ಕಲ್ಲಿನಲ್ಲಿ ಕೊರೆದ ಗುಳಿಗಳಲ್ಲಿ ಕಾಲಿಟ್ಟು ಹತ್ತಿದವನಿಗೆ ಲಿಫ್ಟ್‌ನಲ್ಲಿ ಹೋಗುವುದು ಸಪ್ಪೆ. ಆದರೆ ಅದರ ರಚನೆಯ ಮೇಲೆ ಗೌರವವಿದೆ. ಮೇಲಿನಿಂದ ನೋಡಿದರೆ ಅದು ಮೂರು ರೆಕ್ಕೆಗಳ ಆಕಾರ. ನಡುವಿನ ಕಾಂಡಕ್ಕೆ ಮೂರು ಕಡೆಯಿಂದಲೂ ರೆಕ್ಕೆಗಳು ಊರುಗೋಲಿನಂತೆ ಒತ್ತಾಸೆ ಕೊಡುತ್ತವೆ. ಮೇಲೇರಿದಂತೆ ಒಂದೊಂದು ರೆಕ್ಕೆ ಒಂದೊಂದು ಎತ್ತರದಲ್ಲಿ ನಿಂತುಬಿಡುತ್ತದೆ, ಸುರುಳಿಯ ಹಾಗೆ. ಅಂದಕ್ಕೆಂದು ಮಾತ್ರ ಹಾಗೆ ಮಾಡಿದ್ದಲ್ಲ. ಕಟ್ಟಡದ ಅಗಲ ಒಂದೇ ಸಮನಾಗಿದ್ದರೆ ಗಾಳಿ ಒಂದೇ ಲಯದಲ್ಲಿ ಸುಳಿ ಬಿಡುತ್ತಾ ಅದನ್ನು ತೂಗಲು ಶುರು ಮಾಡುತ್ತದೆ. ಅಗಲ ಬದಲಾಗುತ್ತಾ ಹೋದರೆ ಗಾಳಿಗೆ ತಾಳ ಸಿಗುವುದಿಲ್ಲ. ಕಾಂಕ್ರೀಟನ್ನು 606 ಮೀಟರ್ ಎತ್ತರದವರೆಗೆ ಪಂಪ್ ಮಾಡಿದ್ದಾರೆ. ಬೇಸಿಗೆಯಲ್ಲಿ ಮಂಜುಗಡ್ಡೆ ಬೆರೆಸಿ, ರಾತ್ರಿ ಹೊತ್ತಿನಲ್ಲಿ.

ನಿಮ್ಮ ಅತ್ತೆಯವರ ಪ್ರಶ್ನೆ ಈ ಚರ್ಚೆಯಲ್ಲಿಯೇ ಅತ್ಯುತ್ತಮವಾದದ್ದು. ನೀರನ್ನು ಒಂದೇ ಏಟಿಗೆ ಮೇಲಕ್ಕೆ ಎತ್ತುವುದಿಲ್ಲ. ಸುಮಾರು ಮೂವತ್ತು ಮಹಡಿಗೊಮ್ಮೆ ಯಂತ್ರಗಳಿಗೆಂದೇ ಬಿಟ್ಟ ಮಹಡಿಗಳಿವೆ. ಅಲ್ಲಿ ತೊಟ್ಟಿಗಳು, ಪಂಪುಗಳು. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಹಳೆಯ ಕಾಲದಲ್ಲಿ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೊಡ ದಾಟಿಸುತ್ತಿದ್ದರಲ್ಲ, ಹಾಗೆ ಎಂದು ಹೇಳಿ. ಅವರಿಗೆ ತಕ್ಷಣ ತಿಳಿಯುತ್ತದೆ.

ಚಾಂಪಿಯನ್ ರೀಫ್, ಕೆಜಿಎಫ್

ಅಮ್ಮ, ಕಿವಿಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ತಂದೆ ಚಿನ್ನದ ಗಣಿಯಲ್ಲಿದ್ದರು, 2001ರ ಫೆಬ್ರವರಿಯಲ್ಲಿ ಮುಚ್ಚುವವರೆಗೂ. ಇಲ್ಲಿನ ಗಣಿ ಸುಮಾರು 3.2 ಕಿಲೋಮೀಟರ್ ಆಳದವರೆಗೆ ಹೋಗಿತ್ತು. ಬುರ್ಜ್ ಖಲೀಫಾದ ಪೂರ್ತಿ ಎತ್ತರ 828 ಮೀಟರ್. ಅಂಥವು ನಾಲ್ಕನ್ನು ಒಂದರ ಕೆಳಗೊಂದು ಇಳಿಬಿಟ್ಟರೆ ಹೆಚ್ಚುಕಡಿಮೆ ನಮ್ಮ ಗಣಿಯ ತಳ. ಪಾಳಿಗೆ ಹೋಗುವವರು ಕೇಜ್‌ನಲ್ಲಿ, ಅಂದರೆ ಗಣಿಯ ಲಿಫ್ಟ್‌ನಲ್ಲಿ ಇಳಿದು, ನಡುವೆ ಇನ್ನೊಂದು ಕೇಜಿಗೆ ಬದಲಿಸಿ ಇಳಿಯುತ್ತಿದ್ದರು. ಕಿವಿ ಗಪ್ ಎನ್ನುವುದು ಇಳಿಯುವಾಗಲೂ ಇದೆ, ಹತ್ತುವಾಗಲೂ ಇದೆ. ತಂದೆ ಕಲಿಸಿದ್ದು ಇಷ್ಟು: ಬಾಯಿ ಆಡಿಸುತ್ತಿರಬೇಕು, ಎಂಜಲು ನುಂಗುತ್ತಿರಬೇಕು.

ದುಬೈಯ ಲಿಫ್ಟ್ ಸೆಕೆಂಡಿಗೆ 10 ಮೀಟರ್ ಏರುತ್ತದೆ, 124ಕ್ಕೆ ಒಂದು ನಿಮಿಷ. ಅಲುಗಾಟವೇ ಇಲ್ಲ, ಕಿವಿ ಮಾತ್ರ ಎರಡು ಸಲ ಕಟ್ಟಿ ಬಿಡುತ್ತದೆ. ಬಾಗಿಲು ಮುಚ್ಚುವ ಮುಂಚೆಯೇ ಅಜ್ಜಿಯ ಬಾಯಿಗೆ ಎರಡು ಏಲಕ್ಕಿ ಹಾಕಿ. ಎಲೆಅಡಿಕೆ ಖಂಡಿತ ಬೇಡ, ಆ ಊರಿನಲ್ಲಿ ಉಗುಳಿದರೆ ದಂಡ. ಕಿವಿ ಸೋರುತ್ತಿದ್ದರೆ, ನೆಗಡಿ ಇದ್ದರೆ, ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಿಬಿಡಿ. ಲಿಫ್ಟ್‌ಗಿಂತ ವಿಮಾನ ಇಳಿಯುವಾಗಲೇ ಹೆಚ್ಚು ನೋವಾಗುತ್ತದೆ.

ತಂದೆಯನ್ನು ನಾನೂ ಒಮ್ಮೆ ಕರೆದೊಯ್ದಿದ್ದೆ. ಎಲ್ಲರೂ ಗಾಜಿನ ಕಡೆ ಓಡಿದರೆ ಅವರು ಲಿಫ್ಟ್ ಬಾಗಿಲ ಹತ್ತಿರವೇ ನಿಂತು, ಇದರ ಹಗ್ಗ ಎಷ್ಟು ದಪ್ಪ, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡುತ್ತಾರೆ ಎಂದು ಅಲ್ಲಿನ ಹುಡುಗಿಯನ್ನು ತಮಿಳಿನಲ್ಲಿ ವಿಚಾರಿಸುತ್ತಿದ್ದರು. ಆ ಹುಡುಗಿ ಫಿಲಿಪೈನ್ಸ್‌ನವಳು.

ಹಿಪ್ಪುನೇರಳೆ, ಶಿಡ್ಲಘಟ್ಟ

ಹೋಗಿಬಂದೆವು. ಊರಿಗೆ ಬಂದು ಹತ್ತು ದಿನವಾಯಿತು. ಹುಳುಮನೆ ತೊಳೆದು ಸುಣ್ಣ ಹಾಕುವುದರಲ್ಲಿ ಬರೆಯಲು ಪುರುಸೊತ್ತಾಗಲಿಲ್ಲ.

124ಕ್ಕೇ ಹೋದೆವು, ನಾಲ್ಕು ಗಂಟೆಯ ಹೊತ್ತಿಗೆ. ಟ್ಯಾಕ್ಸಿ, ಗಾಲಿಕುರ್ಚಿ, ಏಲಕ್ಕಿ ಎಲ್ಲವೂ ನೀವೆಲ್ಲ ಹೇಳಿದ ಹಾಗೆಯೇ. ಲಿಫ್ಟ್ ಒಳಗೆ ಕತ್ತಲು ಮಾಡಿ ಗೋಡೆಯ ಮೇಲೆ ಚಿತ್ರ ಬಿಡುತ್ತಾರೆ, ಮಹಡಿಯ ಸಂಖ್ಯೆ ನೋಡನೋಡುತ್ತಲೇ ನೂರು ದಾಟುತ್ತದೆ. ಯಜಮಾನರು ಕಣ್ಣು ಮುಚ್ಚಿದ್ದರು. ಅತ್ತೆ ಕುರ್ಚಿಯಲ್ಲಿ ಕುಳಿತೇ ಅವರ ತೊಡೆ ಚಿವುಟಿ "ದುಡ್ಡು ಕೊಟ್ಟಿದ್ದಾನೆ ಹುಡುಗ, ಕಣ್ಣು ಬಿಡೋ" ಎಂದರು.

ಗಾಜು ನೆಲದವರೆಗೂ ಇದೆ, ಆದ್ದರಿಂದ ಕುಳಿತವರಿಗೂ ನಿಂತವರಷ್ಟೇ ಕಾಣುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳು, ಎರಡೂ ಕೊನೆಯಲ್ಲಿ ಒಂದೇ ಬೂದು ಬಣ್ಣಕ್ಕೆ ತಿರುಗಿ ಆಕಾಶ ಸೇರುತ್ತವೆ. ಕೆಳಗೆ ದೊಡ್ಡ ರಸ್ತೆಗಳು ಸುತ್ತಿ ಸುತ್ತಿ ಒಂದರ ಮೇಲೊಂದು ಹೋಗುವ ಕೂಡುರಸ್ತೆ. ಹುಳು ಗೂಡು ಕಟ್ಟಲು ಬಿಡುವ ನಮ್ಮ ಬಿದಿರಿನ ಚಂದ್ರಿಕೆಯ ಸುರುಳಿ ಕಂಡಂತಾಯಿತು ನನಗೆ. ಕಾರುಗಳು ಗೂಡು ಕಟ್ಟುವಷ್ಟು ಹಣ್ಣಾದ ಹುಳುವಿನ ಹಾಗೆ ಜಾಗ ಹುಡುಕುತ್ತಾ ತೆವಳುತ್ತಿದ್ದವು. ಇದನ್ನು ಮಗನಿಗೆ ಹೇಳಿದರೆ ನಕ್ಕುಬಿಟ್ಟ. ಇಲ್ಲಿಗೂ ಹುಳು ತಂದೆಯಾ ಅಮ್ಮ ಎಂದ.

ಯಜಮಾನರು ಮೊದಲ ಕಾಲು ಗಂಟೆ ಒಳಗೋಡೆಗೆ ಬೆನ್ನು ಆನಿಸಿ ನಿಂತಿದ್ದರು. ಆಮೇಲೆ 452 ಮೀಟರ್ ಎಂಬುದು ಕಿವಿಗೆ ಬಿತ್ತು. ಮೊಬೈಲ್ ತೆಗೆದು 3.28ರಿಂದ ಗುಣಿಸಿದರು. 1,482 ಅಡಿ ಚಿಲ್ಲರೆ. ಅವರ ಮುಖವೇ ಬದಲಾಯಿತು. ನಮ್ಮ ತೋಟದಲ್ಲಿ ಮೊದಲ ಎರಡು ಕೊಳವೆಬಾವಿ ಬರೀ ದೂಳು ಕೊಟ್ಟವು; ಮೂರನೆಯದನ್ನು 1,500 ಅಡಿ ಕೊರೆಸಿದೆವು. "ಹದಿನೆಂಟು ಅಡಿ ಕಡಿಮೆ!" ಎಂದು ಅಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಮೋಟಾರು ಇಳಿಬಿಟ್ಟಿರುವುದು 1,400 ಅಡಿಗೆ, ಇಪ್ಪತ್ತು ಅಡಿಯ ಪೈಪು ಎಪ್ಪತ್ತು. ಮೋಟಾರು ಸುಟ್ಟಾಗಲೆಲ್ಲ ಆ ಎಪ್ಪತ್ತನ್ನೂ ಒಂದೊಂದಾಗಿ ಎತ್ತಿ, ಬಿಚ್ಚಿ, ಬದುವಿನ ಮೇಲೆ ಸಾಲಾಗಿ ಮಲಗಿಸಬೇಕು. ಕಳೆದ ಬೇಸಿಗೆಯಲ್ಲಿ ಎರಡು ಸಲ ಎತ್ತಿಸಿದ್ದೇವೆ. ಈಗ ಅವರು ಗಾಜಿಗೆ ಹಣೆ ಆನಿಸಿ, ಕೆಳಗಿನವರೆಗೆ ಬೆರಳಿನಲ್ಲಿ ಪೈಪು ಎಣಿಸುತ್ತಿದ್ದರು. "ಅಗೋ, ಆ ಬಿಳಿ ಕಟ್ಟಡದ ನೆತ್ತಿ ಇದೆಯಲ್ಲ, ಅದು ಐವತ್ತನೆಯ ಪೈಪು. ಆ ರಸ್ತೆಯ ಮೇಲೆ ನಮ್ಮ ಮೋಟಾರು ಕೂತಿದೆ ಅಂದುಕೋ. ಅಷ್ಟು ಕೆಳಗಿನಿಂದ ಬರುತ್ತಿದೆ ಕಣೇ ನೀರು." ಗಾಜಿನ ಪಕ್ಕ ನಿಂತಿದ್ದೇನೆ ಎಂಬುದೇ ಅವರಿಗೆ ಮರೆತುಹೋಗಿತ್ತು. ನಾನೂ ನೆನಪಿಸಲಿಲ್ಲ.

ಮಧುಗಿರಿಯ ಹಿರಿಯರೇ, ಕೊಡ ದಾಟಿಸುವ ಲೆಕ್ಕ ಅತ್ತೆಗೆ ಕೂಡಲೇ ತಿಳಿಯಿತು. ಅದಕ್ಕಿಂತ ಅವರಿಗೆ ಹಿಡಿಸಿದ್ದು ಮಗ ಹೇಳಿದ ಇನ್ನೊಂದು ಸಂಗತಿ. ಅಷ್ಟು ದೊಡ್ಡ ಕಟ್ಟಡದ ಎಸಿಯಲ್ಲಿ ತೊಟ್ಟಿಕ್ಕುವ ನೀರನ್ನೆಲ್ಲ ಹಿಡಿದು, ಕೆಳಗಿನ ಗಿಡಮರಗಳಿಗೆ ಬಿಡುತ್ತಾರಂತೆ. "ಬುದ್ಧಿವಂತರು" ಎಂದರು ಅತ್ತೆ. ಅವರು ಇದುವರೆಗೆ ಹಾಗೆಂದು ಹೊಗಳಿದ್ದು ತಮ್ಮ ಅಪ್ಪನನ್ನು ಮಾತ್ರ.

ನಂದಿ ಬೆಟ್ಟಕ್ಕೆ ಹೋದಾಗ ನಾನು ಮೊದಲು ಮಾಡುವ ಕೆಲಸ ನಮ್ಮೂರಿನ ದಿಕ್ಕು ಹುಡುಕುವುದು. ಇಲ್ಲಿ ಏನನ್ನು ಹುಡುಕುವುದು? ಒಂದು ಸುತ್ತು ಹಾಕಿದ ಮೇಲೆ ಕಣ್ಣಿಗೆ ಕೆಲಸವೇ ಇಲ್ಲದಂತಾಯಿತು. ಆಗ ಮಗ ನನ್ನನ್ನು ಇನ್ನೊಂದು ಮೂಲೆಗೆ ಕರೆದೊಯ್ದು, ಬಿಸಿನೆಸ್ ಬೇ ಎಂಬ ಕಡೆಗೆ ಕೈ ತೋರಿಸಿದ. ನೀಲಿ ಗಾಜಿನದೊಂದು ಕಟ್ಟಡ, ಅದರ ಪಕ್ಕದಲ್ಲಿ ಇನ್ನೊಂದು. ಮಗ್ಗುಲಲ್ಲಿ ನಿಂತು ಕತ್ತೆತ್ತಿ ನೋಡಿದರೆ ಅದೂ ಮುಗಿಲು ಮುಟ್ಟುವಂಥದ್ದೇ. ಮೇಲಿನಿಂದ ಬೆಂಕಿಪೊಟ್ಟಣ ನಿಲ್ಲಿಸಿದಂತಿತ್ತು. ತಾರಸಿಯ ತುಂಬ ಬಿಳಿ ಪೆಟ್ಟಿಗೆಗಳು ಸಾಲಾಗಿ, ಒಂದೊಂದರ ಮೇಲೂ ದುಂಡನೆಯ ಫ್ಯಾನು. "ನಾನು ಕೆಲಸ ಮಾಡುವುದು ಅಲ್ಲೇ" ಎಂದ.

ಫೋನಿನಲ್ಲಿ ಎಸಿ ಕೆಲಸ ಎಂದಾಗಲೆಲ್ಲ ತಣ್ಣಗಿನ ಕೋಣೆಯಲ್ಲಿ ಇರುತ್ತಾನೆ ಎಂದುಕೊಂಡಿದ್ದೆ. ಎಸಿಯ ಬಿಸಿಗಾಳಿ ಹೊರಗೆ ಬರುವ ಜಾಗ ತಾರಸಿ ಎಂಬುದು ನನಗೆ ಹೊಳೆದಿರಲಿಲ್ಲ.

ನೆರಳೇ ಇಲ್ಲವಲ್ಲೋ ಎಂದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಸರ್ಕಾರದ ನಿಯಮವೇ ಇದೆ ಅಮ್ಮ ಎಂದ. ಮೂರು ಗಂಟೆಯ ಮೇಲೆ? ಅದಕ್ಕೆ ಅವನು ಸಮುದ್ರದ ಕಡೆ ತಿರುಗಿ, ಅಗೋ ಹಡಗು ನೋಡು ಎಂದ. ಹಡಗೇನೂ ನನಗೆ ಕಾಣಲಿಲ್ಲ. ಆಮೇಲೆ ಕತ್ತಲಾಗುವವರೆಗೂ ನಾನು ನೋಡುತ್ತಿದ್ದದ್ದು ಆ ತಾರಸಿಯನ್ನೇ. ಒಂದು ಹಂತದಲ್ಲಿ ಅಲ್ಲಿ ಯಾರೋ ಇಬ್ಬರು ಓಡಾಡಿದಂತೆ ಕಂಡಿತು. ಜನರೋ, ಫ್ಯಾನಿನ ನೆರಳೋ, ಅಷ್ಟು ದೂರದಿಂದ ಹೇಳುವುದು ಹೇಗೆ?

ಸೂರ್ಯ ಮುಳುಗುವಾಗ ಜನವೋ ಜನ, ಎಲ್ಲರ ಕೈಯೂ ಮೇಲೆ. ಸಂಜೆ ಗೋಪುರದ ಬುಡದ ಕೊಳದಲ್ಲಿ ಕಾರಂಜಿ ಚಿಮ್ಮುವುದನ್ನು ಮೇಲಿನಿಂದ ನೋಡಬೇಡಿ; ತೋಟದಲ್ಲಿ ಸ್ಪ್ರಿಂಕ್ಲರ್ ಬಿಟ್ಟಷ್ಟೇ ಕಾಣುತ್ತದೆ. ಕೆಳಗಿಳಿದು ಕೊಳದ ದಡದಲ್ಲಿ ನಿಂತು ನೋಡಿದೆವು. ಅದು ಪುಕ್ಕಟೆ, ಅದೇ ಚೆನ್ನ.

148ರ ಬಗ್ಗೆ ಕೇಳುವವರಿಗೆ ನನ್ನ ಉತ್ತರ: ಬೇಡ. ಟ್ರಾವೆಲ್ಸ್‌ನವರಿಗೂ ಹೇಳಿದ್ದೇನೆ. ಅವರು ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ.

ಮರಳುಗಾಡಿನ ಮುದ್ದೆ, ದುಬೈ (ಊರು ಚಿಂತಾಮಣಿ)

ಅಕ್ಕ, ಆ ಬಿಸಿನೆಸ್ ಬೇ ತಾರಸಿಗಳ ಮೇಲೆ ನಾನೂ ಆರು ಬೇಸಿಗೆ ಕಳೆದಿದ್ದೇನೆ. ಹುಡುಗನ ನಂಬರ್ ಖಾಸಗಿ ಸಂದೇಶದಲ್ಲಿ ಕಳಿಸಿ, ಶುಕ್ರವಾರ ಊಟಕ್ಕೆ ಕರೆಯುತ್ತೇನೆ. ಮುದ್ದೆ, ಬಸ್ಸಾರು. ಕರ್ಜಿಕಾಯಿ ಏನಾಯಿತು?

ಹಿಪ್ಪುನೇರಳೆ, ಶಿಡ್ಲಘಟ್ಟ

ನಂಬರ್ ಕಳಿಸಿದ್ದೇನೆ ತಮ್ಮ. ಅವನಿಗೆ ಹುರುಳಿಕಾಳಿನ ಬಸ್ಸಾರು ಇಷ್ಟ, ಖಾರ ಸ್ವಲ್ಪ ಮುಂದಾಗಿಯೇ ಇರಲಿ.

ಗಸಗಸೆ ಇಲ್ಲದೆಯೇ ಮಾಡಿದೆ, ಎಳ್ಳು, ಕೊಬ್ಬರಿ ಹಾಕಿ. ಮಗ ಮೂರು ದಿನದಲ್ಲಿ ಡಬ್ಬಿ ಖಾಲಿ ಮಾಡಿದ. ಅತ್ತೆ ಮಾತ್ರ ಒಂದನ್ನು ಅರ್ಧ ತಿಂದು, ಇದು ಕರ್ಜಿಕಾಯಿಯೇ ಅಲ್ಲ ಎಂದು ಪಕ್ಕಕ್ಕಿಟ್ಟರು.